ಕರೆಂಟು ಮುಗಿದ ಮೇಲೆ

ಯುಗಾದಿಯ ಮರುದಿನ ನಮ್ಮ ಆಸ್ಪರಿ ಮಂಡಲದ ಕೈರುಪ್ಪಲದಲ್ಲಿ ಕುಳ್ಳಿನ ಕಾಳಗ ನಡೆಯುತ್ತದೆ. ಊರು ಎರಡು ಪಾಲಾಗಿ ಒಬ್ಬರ ಮೇಲೊಬ್ಬರು ಕುಳ್ಳು ತೂರುವ ಆ ಗದ್ದಲ ನೋಡುವುದನ್ನು ನಮ್ಮ ದೊಡ್ಡವ್ವ ಒಂದು ವರ್ಷವೂ ತಪ್ಪಿಸಿದವಳಲ್ಲ. ಆ ವರ್ಷ ಮಾತ್ರ ಮೊಣಕಾಲು ನೋವೆಂದು ಮನೆಯಲ್ಲೇ ಉಳಿದಳು. ನಿಜ ಸಂಗತಿ ಬೇರೆಯಿತ್ತು. ನಾಲ್ಕು ತಿಂಗಳಿಂದ ಮಲದಲ್ಲಿ ರಕ್ತ ಹೋಗುತ್ತಿತ್ತು. ಒಮ್ಮೆ ಒತ್ತಡ ಬಂದರೆ ಐದು ನಿಮಿಷವೂ ತಡೆಯಲಾಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಕರೆಂಟು ಕೊಡಿಸಿಕೊಂಡು ಬಂದವಳು ಅವಳು. ರಕ್ತ ಕಂಡ ದಿನವೇ ತೀರ್ಮಾನ ಮಾಡಿಬಿಟ್ಟಿದ್ದಳು: ಹೋದದ್ದು ತಿರುಗಿ ಬಂತು, ಮೊಮ್ಮಗಳ ಮದುವೆ ಮುಗಿಯುವ ತನಕ ಬಾಯಿ ಬಿಡಬಾರದು.

ಮದುವೆಯ ಹಂದರದಲ್ಲೇ ತಲೆಸುತ್ತಿ ಬಿದ್ದಾಗ ಹಿಮೋಗ್ಲೋಬಿನ್ 6ಕ್ಕೆ ಇಳಿದಿತ್ತು. ಕೊಳವೆ ಹಾಕಿ ನೋಡಿದ ಡಾಕ್ಟರು ಹೇಳಿದ್ದು ಎರಡೇ ಮಾತು: ‘ಇದು ಗಡ್ಡೆ ಅಲ್ಲಮ್ಮ. ಕರೆಂಟಿನಿಂದ ಆದ ಹುಣ್ಣು.’ ಮೊದಲೇ ಹೇಳಿದ್ದರೆ ಬಹುಶಃ ಔಷಧಿಯಲ್ಲೇ ಹತೋಟಿಗೆ ಬರುತ್ತಿದ್ದ ಕಾಯಿಲೆಗೆ ಅವಳು ನಾಲ್ಕು ತಿಂಗಳು ಒಬ್ಬಳೇ ಸಾವಿನ ಲೆಕ್ಕ ಹಾಕುತ್ತ ಕೂತಿದ್ದಳು. ಈ ಲೇಖನ ಬರೆಯಲು ಅವಳೇ ಕಾರಣ.

ನಮ್ಮ ಕಡೆ ರೇಡಿಯೇಷನ್ ಎಂದರೆ ಅರ್ಥವಾಗುವುದು ಕಡಿಮೆ. ಕನ್ನಡದವರೂ ತೆಲುಗಿನವರೂ ‘ಕರೆಂಟು’ ಎನ್ನುತ್ತಾರೆ. ಆದರೆ ಅದು ತಂತಿಯಲ್ಲಿ ಹರಿಯುವ ವಿದ್ಯುತ್ತಲ್ಲ. ಲೀನಿಯರ್ ಆಕ್ಸಿಲರೇಟರ್ ಎಂಬ ಯಂತ್ರದಿಂದ ಹೊರಡುವ ಬಲವಾದ ಎಕ್ಸ್‌ರೇ ಕಿರಣ, ಇಲ್ಲವೇ ಹಳೆಯ ಯಂತ್ರಗಳಲ್ಲಿ ಕೋಬಾಲ್ಟ್–60ರಿಂದ ಬರುವ ಗಾಮಾ ಕಿರಣ. ಅದು ಜೀವಕೋಶದೊಳಗಿನ ಡಿಎನ್‌ಎ ಎಳೆಯನ್ನು ತುಂಡರಿಸುತ್ತದೆ. ತುಂಡಾದ ಎಳೆಯನ್ನು ಕೂಡಿಸಿಕೊಳ್ಳುವ ಶಕ್ತಿ ಕ್ಯಾನ್ಸರ್ ಕೋಶಕ್ಕಿಂತ ಸಾಮಾನ್ಯ ಕೋಶಕ್ಕೆ ಹೆಚ್ಚು. ಆ ವ್ಯತ್ಯಾಸದ ಮೇಲೆಯೇ ಇಡೀ ಚಿಕಿತ್ಸೆ ನಿಂತಿದೆ.

ಕರೆಂಟನ್ನು ಒಂದೇ ದಿನ ಕೊಡದೆ ವಾರಗಟ್ಟಲೆ ಹಂಚಿ ಕೊಡುವುದೂ ಅದಕ್ಕೇ. ಈ ಪಾಠ ಕಲಿಸಿದ್ದು ಟಗರು ಎಂದರೆ ಕುರಿ ಸಾಕುವ ನಮ್ಮ ಸೀಮೆಯವರಿಗೆ ಸೋಜಿಗವಾದೀತು. ಸುಮಾರು ನೂರು ವರ್ಷದ ಹಿಂದೆ ಪ್ಯಾರಿಸ್ಸಿನಲ್ಲಿ ಕ್ಲಾಡಿಯಸ್ ರೆಗೊ ಎಂಬ ವಿಜ್ಞಾನಿ ಟಗರಿನ ಬೀಜದ ಮೇಲೆ ಕಿರಣ ಹಾಯಿಸಿ ನೋಡಿದರು. ಒಂದೇ ಸಲಕ್ಕೆ ಕೊಟ್ಟಾಗ ಬೀಜ ನಿಷ್ಫಲವಾಗುವಷ್ಟರಲ್ಲಿ ಮೇಲಿನ ಚರ್ಮ ಸುಟ್ಟುಹೋಗುತ್ತಿತ್ತು. ಅದನ್ನೇ ದಿನಗಳಲ್ಲಿ ಹಂಚಿ ಕೊಟ್ಟಾಗ ಬೀಜ ನಿಷ್ಫಲವಾಯಿತು, ಚರ್ಮ ಉಳಿಯಿತು. ಇವತ್ತು ಬಾಯಿ, ಗಂಟಲಿನ ಕ್ಯಾನ್ಸರಿಗೆ ಸಾಮಾನ್ಯವಾಗಿ 66ರಿಂದ 70 ಗ್ರೇ (ಕಿರಣದ ಅಳತೆ) ಪ್ರಮಾಣವನ್ನು 33–35 ದಿನಗಳ ಪಾಲು ಮಾಡಿ ಆರೇಳು ವಾರ ಕೊಡುತ್ತಾರೆ. ಗರ್ಭಕೊರಳಿಗೆ ಹೊರಗಿನಿಂದ 45–50 ಗ್ರೇ, ಸುಮಾರು 25 ಪಾಲು. ಅದರ ಮೇಲೆ ಒಳಗೆ ಕೊಳವೆಯಿಟ್ಟು ಕೊಡುವ ‘ಒಳಗಿನ ಕರೆಂಟು’.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಹೊರಗಿನ ಕರೆಂಟು ಕೊಡಿಸಿಕೊಂಡವರ ಮೈಯಲ್ಲಿ ಕಿರಣ ಉಳಿಯುವುದಿಲ್ಲ. ಒಳಗಿನ ಕರೆಂಟಿನಲ್ಲೂ ಮೂಲವನ್ನು ತೆಗೆದ ಮೇಲೆ ಏನೂ ಉಳಿಯದು. ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು, ಒಂದೇ ತಟ್ಟೆಯಲ್ಲಿ ಉಣ್ಣಬಹುದು. ಅಜ್ಜಿಯ ಹಾಸಿಗೆಯನ್ನು ಬೇರೆ ಕೋಣೆಗೆ ಹಾಕಿದ ಮನೆಗಳನ್ನು ನಾನು ನೋಡಿದ್ದೇನೆ. ಅದು ತಪ್ಪು.

ಹಾಗಾದರೆ ಎರಡು ವರ್ಷ, ಐದು ವರ್ಷ ಕಳೆದ ಮೇಲೆ ತೊಂದರೆ ಏಕೆ? ಬಾಯಿಯ ಪೊರೆ, ಕರುಳಿನ ಒಳಪೊರೆಯಂಥ ಜಾಗಗಳಲ್ಲಿ ಕೋಶಗಳು ಬೇಗ ಬೇಗ ಹುಟ್ಟುತ್ತವೆ. ಅಲ್ಲಿ ಗಾಯ ತಕ್ಷಣ ಕಾಣುತ್ತದೆ, ವಾರಗಳಲ್ಲಿ ಮಾಯುತ್ತದೆ. ಚಿಕಿತ್ಸೆಯ ಹೊತ್ತಿನ ಬಾಯಿಹುಣ್ಣು, ಭೇದಿ ಇವೇ. ರಕ್ತನಾಳ, ಸ್ನಾಯು, ಮೂಳೆ, ನರಗಳ ಕೋಶಗಳದ್ದು ನಿಧಾನದ ಬಾಳು. ಅವುಗಳ ಗಾಯವೂ ನಿಧಾನವಾಗಿಯೇ ಹೊರಬೀಳುತ್ತದೆ. ಸಣ್ಣ ರಕ್ತನಾಳಗಳು ಒಳಗೊಳಗೇ ಕಿರಿದಾಗುತ್ತವೆ. ತುಂಗಭದ್ರೆಯ ಎಲ್‌ಎಲ್‌ಸಿ ಕಾಲುವೆಯಲ್ಲಿ ಹೂಳು ತುಂಬಿದರೆ ಕೊನೆಯ ಹೊಲಕ್ಕೆ ನೀರು ಮುಟ್ಟದೆ ಹೋಗುವುದನ್ನು ಆಲೂರು, ಆದೋನಿ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಮೈಯಲ್ಲೂ ಹಾಗೆಯೇ: ಆಮ್ಲಜನಕ ಮುಟ್ಟದ ಜಾಗ ನಾರುನಾರಾಗಿ ಗಟ್ಟಿಯಾಗುತ್ತದೆ. ಕೊರತೆ ತುಂಬಲು ಹೊಸದಾಗಿ ಚಿಗುರಿದ ನಾಳಗಳೋ ತೀರಾ ನಾಜೂಕು. ಮಲ ಸವರಿಕೊಂಡು ಹೋದರೂ ಒಡೆದು ರಕ್ತ ಸೋರುತ್ತದೆ. ದೊಡ್ಡವ್ವನಿಗೆ ಆದದ್ದು ಇದೇ.

ವೈದ್ಯರ ಲೆಕ್ಕದಲ್ಲಿ ಚಿಕಿತ್ಸೆ ಶುರುವಾದ 90 ದಿನಗಳ ಒಳಗಿನದು ‘ಆಗಿನ’ ಪರಿಣಾಮ, ಆಮೇಲಿನದು ‘ತಡವಾದ’ ಪರಿಣಾಮ. ಎಲ್ಲರಿಗೂ ಬರುತ್ತದೆಂದಲ್ಲ. ಎಷ್ಟು ಪ್ರಮಾಣ, ಯಾವ ಜಾಗ, ಯಾವ ಯಂತ್ರ, ಸಕ್ಕರೆ ಕಾಯಿಲೆ ಇದೆಯೇ, ಬೀಡಿ ಗುಟ್ಕಾ ಬಿಟ್ಟಿದ್ದಾರೆಯೇ ಎಂಬುದರ ಮೇಲೆ ಅದು ನಿಂತಿದೆ. ಕೊನೆಯದೊಂದು ಮಾತ್ರ ನಮ್ಮ ಕೈಯಲ್ಲಿದೆ. ಕರೆಂಟು ಕೊಡಿಸಿಕೊಂಡ ಬಾಯಿಗೆ ಮತ್ತೆ ತಂಬಾಕು ಇಡುವುದೆಂದರೆ ಗಾಯ ಮಾಯದಂತೆ ಮಾಡಿ, ಎರಡನೆಯ ಕ್ಯಾನ್ಸರಿಗೂ ಜಾಗ ಕೊಡುವುದು.

ಕೆಳಹೊಟ್ಟೆಗೆ ಕರೆಂಟು ಕೊಡಿಸಿಕೊಂಡವರ ವಿಷಯ ಮೊದಲು, ಏಕೆಂದರೆ ನಮ್ಮ ಹೆಂಗಸರು ಮುಚ್ಚಿಡುವುದು ಇದನ್ನೇ ಹೆಚ್ಚು. ಗುದನಾಳದ ರಕ್ತಸ್ರಾವ ಸಾಮಾನ್ಯವಾಗಿ ಆರು ತಿಂಗಳಿಂದ ಎರಡು ಮೂರು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಅಲ್ಪಸ್ವಲ್ಪವಾದರೆ ಮಲಬದ್ಧತೆ ಆಗದಂತೆ ನೋಡಿಕೊಂಡರೆ, ಖಾರ ತಗ್ಗಿಸಿದರೆ ಎಷ್ಟೋ ಜನರಲ್ಲಿ ತಾನೇ ಹಿಡಿತಕ್ಕೆ ಬರುತ್ತದೆ. ಹೆಚ್ಚಾದರೆ ಸುಕ್ರಾಲ್ಫೇಟ್ ಔಷಧಿಯನ್ನು ಎನಿಮಾ ಮೂಲಕ ಕೊಡುತ್ತಾರೆ. ಅದಕ್ಕೂ ನಿಲ್ಲದಿದ್ದರೆ ಕೊಳವೆಯ ಮೂಲಕ ಆರ್ಗಾನ್ ಅನಿಲದ ಕಿಡಿಯಿಂದ ಸೋರುವ ನಾಳಗಳನ್ನು ಮುಚ್ಚುತ್ತಾರೆ. ಪರೀಕ್ಷೆ ಮಾಡುವವರಿಗೆ ‘ಇಲ್ಲಿಗೆ ಕರೆಂಟು ಕೊಟ್ಟಿದ್ದಾರೆ’ ಎಂದು ಮೊದಲೇ ಹೇಳಲೇಬೇಕು. ಆ ಜಾಗದಲ್ಲಿ ಅಗತ್ಯವಿಲ್ಲದೆ ಚೂರು ಕತ್ತರಿಸಿ ತೆಗೆದರೆ ಗಾಯ ಮಾಯದೆ ತೂತು ಬೀಳುವ ಅಪಾಯವಿದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ.

ಮೂತ್ರದಲ್ಲಿ ರಕ್ತ ಹಲವು ವರ್ಷಗಳ ನಂತರವೂ ಬರಬಹುದು. ಗಡ್ಡೆಗಟ್ಟಿ ಮೂತ್ರ ನಿಂತುಹೋದರೆ ಅವತ್ತೇ ಆಸ್ಪತ್ರೆ ಸೇರಬೇಕು. ಪದೇ ಪದೇ ಭೇದಿಯಾಗುವವರಲ್ಲಿ ಪಿತ್ತರಸ ಕರುಳಿನಲ್ಲಿ ಮರಳಿ ಹೀರಿಕೆಯಾಗದಿರುವುದೂ ಒಂದು ಕಾರಣ. ಅದಕ್ಕೆ ಔಷಧಿಯಿದೆ, ಸುಮ್ಮನೆ ಸಹಿಸಬೇಕಿಲ್ಲ. ಸೊಂಟದ ಮೂಳೆ ಬಲಗುಂದಿ ಕೂದಲೆಳೆಯಷ್ಟು ಬಿರುಕು ಬಿಡುವುದುಂಟು. ನೋವು ಕಂಡಾಕ್ಷಣ ‘ಮೂಳೆಗೆ ಹಬ್ಬಿತು’ ಎಂದು ಮನೆಮಂದಿಯೆಲ್ಲ ಎದೆಗುಂದುತ್ತಾರೆ. ಎಂಆರ್‌ಐ ಮಾಡಿದರೆ ಬಿರುಕು ಯಾವುದು, ಹಬ್ಬಿದ್ದು ಯಾವುದು ಎಂದು ಬಹುಮಟ್ಟಿಗೆ ಗೊತ್ತಾಗುತ್ತದೆ.

ಯೋನಿ ಕಿರಿದಾಗುವುದು, ಒಣಗುವುದು, ಅಂಟಿಕೊಳ್ಳುವುದು ಕೂಡ ಇದೇ ಸಾಲಿನದು. ಇದನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಚಿಕಿತ್ಸೆ ಮುಗಿದು ಕೆಲವು ವಾರಗಳಾದ ಮೇಲೆ ಡೈಲೇಟರ್ ಎಂಬ ನಯವಾದ ಸಾಧನಕ್ಕೆ ಜಾರು ಕ್ರೀಮು ಹಚ್ಚಿ ವಾರಕ್ಕೆ ಎರಡು ಮೂರು ಸಲ ಕೆಲವು ನಿಮಿಷ ಬಳಸಲು ಹೇಳಿಕೊಡುತ್ತಾರೆ. ಅದು ದಾಂಪತ್ಯಕ್ಕೆ ಮಾತ್ರ ಬೇಕಾದದ್ದಲ್ಲ. ದಾರಿ ಮುಚ್ಚಿಹೋದರೆ ಮುಂದೆ ಡಾಕ್ಟರು ಒಳಗೆ ನೋಡಿ ಪರೀಕ್ಷಿಸುವುದೇ ಕಷ್ಟವಾಗುತ್ತದೆ. ವಿಧವೆಯರಿಗೂ ವಯಸ್ಸಾದವರಿಗೂ ಇದು ಬೇಕು. ಗಂಡ ಹೆಂಡಿರು ಕೂಡಿದರೆ ಕ್ಯಾನ್ಸರ್ ಮರುಕಳಿಸುತ್ತದೆ, ಗಂಡನಿಗೆ ಅಂಟುತ್ತದೆ ಎಂಬುದೆಲ್ಲ ಸುಳ್ಳು. ನರ್ಸಮ್ಮನ ಹತ್ತಿರ ಕೇಳಲು ನಾಚಿಕೆಯಾದರೆ ಮಗಳು ಕೇಳಲಿ, ಸೊಸೆ ಕೇಳಲಿ.

ಬಾಯಿ, ಗಂಟಲಿಗೆ ಕರೆಂಟು ಕೊಡಿಸಿಕೊಂಡವರದು ಬೇರೆ ಪಾಡು. ಜೊಲ್ಲು ಗ್ರಂಥಿ ಬತ್ತಿ ಬಾಯಿ ಒಣಗುತ್ತದೆ. ಜೋಳದ ರೊಟ್ಟಿ ಗಂಟಲಿಗೆ ಅಂಟುತ್ತದೆ. ಬೆಳಗಿನ ಉಗ್ಗಾಣಿ ಮಿರ್ಚಿ ಬಜ್ಜಿ ಕನಸಿನ ಮಾತಾಗುತ್ತದೆ. ಐಎಂಆರ್‌ಟಿ ಎಂಬ ಹೊಸ ವಿಧಾನ ಗ್ರಂಥಿಗಳನ್ನು ತಪ್ಪಿಸಿಕೊಂಡು ಹೋಗುವಂತೆ ಕಿರಣವನ್ನು ರೂಪಿಸುತ್ತದೆ. ಬ್ರಿಟನ್ನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪಾರ್‌ಸ್ಪೋರ್ಟ್ ಪ್ರಯೋಗದಲ್ಲಿ, ಒಂದು ವರ್ಷದ ನಂತರ ತಕ್ಕಮಟ್ಟಿಗೆ ಅಥವಾ ತೀವ್ರವಾಗಿ ಬಾಯಿ ಒಣಗಿದವರು ಹಳೆಯ ವಿಧಾನದಲ್ಲಿ ಶೇ. 74, ಐಎಂಆರ್‌ಟಿಯಲ್ಲಿ ಶೇ. 38. ಚಿಕಿತ್ಸೆ ಇನ್ನೂ ಶುರುವಾಗದವರು ಈ ವಿಧಾನ ಸಿಗುತ್ತದೆಯೇ ಎಂದು ಕೇಳಬೇಕು. ಈಗಾಗಲೇ ಮುಗಿದವರು ನೀರಿನ ಬಾಟಲಿ ಜೊತೆಗಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಯುವುದು, ರೊಟ್ಟಿಯನ್ನು ಮಜ್ಜಿಗೆಯಲ್ಲಿ ಇಲ್ಲವೇ ಬೇಳೆ ಕಟ್ಟಿನಲ್ಲಿ ನೆನೆಸಿ ಉಣ್ಣುವುದು ಒಳ್ಳೆಯದು. ಉಣ್ಣುವಾಗ ಕೆಮ್ಮು ಬರುತ್ತಿದ್ದರೆ, ಪದೇ ಪದೇ ನ್ಯುಮೋನಿಯಾ ಆಗುತ್ತಿದ್ದರೆ ಅನ್ನ ನೀರು ಶ್ವಾಸನಾಳಕ್ಕೆ ಜಾರುತ್ತಿರಬಹುದು. ಡಾಕ್ಟರಿಗೆ ಹೇಳಿ.

ಜೊಲ್ಲಿಲ್ಲದ ಬಾಯಿಯಲ್ಲಿ ಹಲ್ಲು ಬೇಗ ಹುಳುಕಾಗುತ್ತದೆ. ನಿಜವಾದ ಅಪಾಯ ಬರುವುದು ಆ ಹುಳುಕು ಹಲ್ಲನ್ನು ಕೀಳಿಸಿದಾಗ. ರಕ್ತ ಸರಿಯಾಗಿ ಹರಿಯದ ದವಡೆ ಮೂಳೆ ಗಾಯವನ್ನು ಮುಚ್ಚಲಾರದೆ ಕೊಳೆಯತೊಡಗುತ್ತದೆ, ಅದರಲ್ಲೂ ಕೆಳದವಡೆ. ಈ ಅಪಾಯಕ್ಕೆ ಅವಧಿಯಿಲ್ಲ, ಹತ್ತು ವರ್ಷ ಕಳೆದರೂ ಇದೆ. ಆದ್ದರಿಂದ ಆದೋನಿಯ ಯಾವುದೋ ಕ್ಲಿನಿಕ್ಕಿನಲ್ಲಿ ಹಲ್ಲು ಕೀಳಿಸಲು ಬಾಯಿ ತೆರೆಯುವ ಮುನ್ನ ಕರೆಂಟಿನ ಕಾಗದ ತೋರಿಸಿ, ಚಿಕಿತ್ಸೆ ಕೊಟ್ಟ ವೈದ್ಯರೊಂದಿಗೆ ಫೋನಿನಲ್ಲಾದರೂ ಮಾತಾಡುವಂತೆ ಕೇಳಿಕೊಳ್ಳಿ. ದಿನಕ್ಕೆ ಎರಡು ಸಲ ಫ್ಲೋರೈಡ್ ಪೇಸ್ಟಿನಿಂದ ಉಜ್ಜುವುದು, ಆರು ತಿಂಗಳಿಗೊಮ್ಮೆ ಹಲ್ಲು ತೋರಿಸುವುದು ಜೀವನಪೂರ್ತಿ ಕೆಲಸ.

ಬಾಯಿ ಎಷ್ಟು ತೆರೆಯುತ್ತದೆ ಎಂಬುದನ್ನು ಮನೆಯಲ್ಲೇ ಅಳೆಯಬಹುದು. ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಹಲ್ಲಿನ ನಡುವೆ ಹೋಗುತ್ತವೆಯೇ ನೋಡಿ. ಹೋಗದಿದ್ದರೆ ದವಡೆ ಬಿಗಿಯುತ್ತಿದೆ ಎಂದರ್ಥ. ಐಸ್‌ಕ್ರೀಮ್ ಕಡ್ಡಿಗಳನ್ನು ಒಟ್ಟಿಗೆ ಜೋಡಿಸಿ ಹಲ್ಲಿನ ನಡುವೆ ಇಟ್ಟುಕೊಂಡು, ದಿನಾ ಅಭ್ಯಾಸ ಮಾಡುತ್ತ ಕೆಲವು ದಿನಕ್ಕೊಂದು ಕಡ್ಡಿ ಸೇರಿಸುವ ವ್ಯಾಯಾಮವನ್ನು ಆಸ್ಪತ್ರೆಯಲ್ಲೇ ಕಲಿಸುತ್ತಾರೆ. ಬಿಟ್ಟರೆ ಬಿಗಿತ ಹೆಚ್ಚುತ್ತದೆ.

ಇನ್ನು ಥೈರಾಯ್ಡ್. ಕೊರಳಿಗೆ ಕರೆಂಟು ಬಿದ್ದವರಲ್ಲಿ ಹಲವರಿಗೆ ಅದು ನಿಧಾನವಾಗಿ ಸೋಲುತ್ತದೆ. ಆಯಾಸ, ಮೈ ಊದುವುದು, ಚಳಿ ತಡೆಯಲಾಗದಿರುವುದು, ಮಂಕು. ‘ಮತ್ತೆ ಬಂತೇನೋ, ಅದಕ್ಕೇ ಶಕ್ತಿ ಇಲ್ಲ’ ಎಂದು ಹಾಸಿಗೆ ಹಿಡಿದವರಲ್ಲಿ ಎಷ್ಟೋ ಜನರಿಗೆ ಬೇಕಾಗಿರುವುದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಒಂದು ಸಣ್ಣ ಮಾತ್ರೆ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸುತ್ತಿದ್ದರೆ ಸಾಕು.

ಸ್ತನ ಕ್ಯಾನ್ಸರಿನವರಿಗೆ ಮುಖ್ಯವಾಗಿ ತೋಳಿನ ಊತ, ಭುಜದ ಬಿಗಿತ. ಹತ್ತಿ ಬಿಡಿಸುವ ಕೈಗೆ ಚುಚ್ಚುಗಾಯ ತಪ್ಪದು. ಉದ್ದ ತೋಳಿನ ಅಂಗಿ ತೊಟ್ಟು, ಗಾಯವಾದರೆ ತಕ್ಷಣ ತೊಳೆದು, ಕೈ ಕೆಂಪಾಗಿ ಜ್ವರ ಬಂದರೆ ಅವತ್ತೇ ತೋರಿಸಬೇಕು. ಯಾವ ಭಾಗವೇ ಆಗಲಿ, ಕರೆಂಟು ಬಿದ್ದ ಚರ್ಮಕ್ಕೆ ಬರೆ ಹಾಕಿಸುವುದು, ಬಿಸಿ ಇಟ್ಟಿಗೆಯ ಶಾಖ ಕೊಡುವುದು ಬೇಡವೇ ಬೇಡ. ಅಲ್ಲಿ ಸ್ಪರ್ಶ ಮಂಕಾಗಿರಬಹುದು, ಸುಟ್ಟದ್ದು ಗೊತ್ತಾಗದೆ ಹೋಗಬಹುದು, ಸುಟ್ಟರೆ ಮಾಯದು.

ಇಷ್ಟೆಲ್ಲ ತಿಳಿದರೂ ಭಯ ಹೋಗುವುದಿಲ್ಲ. ಅದು ಹೋಗಬೇಕೆಂದೂ ಇಲ್ಲ. ಕ್ಯಾನ್ಸರ್ ಮರಳಿ ಬಂದೀತು ಎಂಬ ಹೆದರಿಕೆಯನ್ನೇ ಪ್ರತ್ಯೇಕವಾಗಿ ಅಳೆಯಲು ಕೆನಡಾದ ಸಂಶೋಧಕರು 2009ರಲ್ಲಿ ಒಂದು ಪ್ರಶ್ನಾವಳಿಯನ್ನೇ ಪ್ರಕಟಿಸಿದರು. ಅಷ್ಟು ಸಾಮಾನ್ಯ, ಅಷ್ಟು ಗಂಭೀರ ಅದು. ಭಯ ಕೆಲಸ ಮಾಡುವ ಬಗೆ ಹೀಗೆ: ಒಮ್ಮೆ ಕಾಯಿಲೆ ಕಂಡ ಮನಸ್ಸು ಮೈಗೆ ಕಾವಲು ಕೂರುತ್ತದೆ. ಮೊದಲು ಲೆಕ್ಕಕ್ಕಿಲ್ಲದ ಸಣ್ಣ ನೋವೂ ಈಗ ಸುದ್ದಿ. ಕೊರಳನ್ನು ದಿನಕ್ಕೆ ಇಪ್ಪತ್ತು ಸಲ ಒತ್ತಿ ನೋಡಿದರೆ ಒತ್ತಿದ ಜಾಗವೇ ನೋಯತೊಡಗುತ್ತದೆ, ಆ ನೋವಿನಿಂದ ಭಯ ಇನ್ನೊಂದಿಷ್ಟು ಬೆಳೆಯುತ್ತದೆ. ‘ಏನೂ ಇಲ್ಲ’ ಎಂದು ಡಾಕ್ಟರು ಹೇಳಿದ ನೆಮ್ಮದಿ ಎರಡು ದಿನಕ್ಕೆ ಕರಗುತ್ತದೆ. ಇನ್ನು ಕೆಲವರು ಇದಕ್ಕೆ ತದ್ವಿರುದ್ಧ. ತಪಾಸಣೆಗೇ ಹೋಗುವುದಿಲ್ಲ, ರಕ್ತ ಕಂಡರೂ ಹೇಳುವುದಿಲ್ಲ. ಇಪ್ಪತ್ತು ಸಲ ಒತ್ತುವವರದೂ ದೊಡ್ಡವ್ವನದೂ ಒಂದೇ ಭಯ.

ಈ ಸುಳಿಯಿಂದ ಹೊರಬರಲು ಹಲವರಿಗೆ ನೆರವಾಗುವ ಕೆಲವು ಕ್ರಮಗಳಿವೆ. ಮೈಯನ್ನು ಮುಟ್ಟಿ ನೋಡಲು ಒಂದು ದಿನ ಗೊತ್ತು ಮಾಡಿಕೊಳ್ಳಿ, ತಿಂಗಳಿಗೊಮ್ಮೆ ಅಮಾವಾಸ್ಯೆಯ ದಿನ ಅಂದುಕೊಳ್ಳಿ, ಉಳಿದ ದಿನ ಕೈ ಹಾಕಬೇಡಿ. ಹೊಸ ತೊಂದರೆ ಸಣ್ಣದಾಗಿದ್ದರೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಎರಡು ವಾರಕ್ಕೂ ಹೋಗದಿದ್ದರೆ ತೋರಿಸಿ. ರಕ್ತಸ್ರಾವ, ಹೊಸ ಗಂಟು, ಕಾರಣವಿಲ್ಲದೆ ಇಳಿಯುವ ತೂಕ, ರಾತ್ರಿ ಎಬ್ಬಿಸುವ ಮೂಳೆ ನೋವು, ಒಂದೇ ಕಾಲು ಊದುವುದು: ಇವುಗಳಿಗೆ ಎರಡು ವಾರದ ವಾಯಿದೆ ಬೇಡ, ಆ ವಾರವೇ ಹೋಗಿ. ಬೆನ್ನು ನೋವಿನ ಜೊತೆ ಕಾಲಿನ ಬಲ ತಪ್ಪಿದರೆ, ಉಸಿರು ಕಟ್ಟಿದರೆ, ರಕ್ತ ಸುರಿದರೆ ಅದೇ ದಿನ. ಚಿಂತೆಗೂ ದಿನಕ್ಕೆ ಹದಿನೈದು ನಿಮಿಷದ ಹೊತ್ತು ಗೊತ್ತು ಮಾಡಿ. ಬೇರೆ ಹೊತ್ತಿನಲ್ಲಿ ಬಂದರೆ ‘ಸಂಜೆಗೆ ಬಾ’ ಎಂದು ಕಳಿಸಿ. ಕೇಳಲು ಹುಡುಗಾಟಿಕೆ ಎನಿಸಬಹುದು, ಆದರೆ ಮನೋವೈದ್ಯರು ಕಲಿಸುವ ಕ್ರಮ ಇದು. ಆಸ್ಟ್ರೇಲಿಯಾದಲ್ಲಿ ಫಿಲಿಸ್ ಬ್ಯೂಟೊ ತಂಡ ಇಂಥ ಭಯಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆಯನ್ನು ಪರೀಕ್ಷೆಗೆ ಒಡ್ಡಿ, ಭಯ ತಗ್ಗಿದ್ದನ್ನು 2017ರಲ್ಲಿ ತೋರಿಸಿತು.

ಮನೆಯವರಿಗೂ ಒಂದು ಮಾತು. ‘ಏನೂ ಆಗಲ್ಲ, ಸುಮ್ಮನಿರು’ ಎಂದರೆ ಅವರು ಸುಮ್ಮನಾಗುತ್ತಾರೆ, ಅಷ್ಟೇ. ಭಯ ಒಳಗೇ ಉಳಿಯುತ್ತದೆ. ‘ನನಗೂ ಭಯ ಐತಿ, ನಡಿ, ಇಬ್ಬರೂ ಹೋಗಿ ತೋರಿಸ್ಕೊಂಡು ಬರೋಣ’ ಎನ್ನಿ. ನಿದ್ದೆ ಹೋಗಿ, ಊಟ ಬಿಟ್ಟು, ಬದುಕು ಬೇಡವೆನ್ನುವ ಮಟ್ಟಕ್ಕೆ ಬಂದರೆ ಟೆಲಿ ಮಾನಸ್ 14416ಕ್ಕೆ ಫೋನು ಮಾಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಈ ಸೇವೆ ಉಚಿತ, ಹಗಲು ರಾತ್ರಿ ಇರುತ್ತದೆ. ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು.

ನಮ್ಮ ಸೀಮೆಯ ತೊಡಕು ಇನ್ನೊಂದಿದೆ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದವು. ಹೀಗಾಗಿ ನಮ್ಮ ರೋಗಿಗಳು ಎರಡೂ ರಾಜ್ಯಗಳಿಗೆ ಹಂಚಿಹೋಗುತ್ತಾರೆ. ಕೆಲವರು ಕರ್ನೂಲಿನ ಸರ್ಕಾರಿ ಆಸ್ಪತ್ರೆಗೆ, ಕೆಲವರು ಆಲೂರಿನ ಮೇಲೆ ಬಳ್ಳಾರಿಗೆ, ಮತ್ತೆ ಕೆಲವರು ಗುಂತಕಲ್ಲಿನಲ್ಲಿ ರೈಲು ಹಿಡಿದು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ. 2007ರಲ್ಲಿ ಆರೋಗ್ಯಶ್ರೀ ಎಂದು ಶುರುವಾಗಿ ಈಗ ಎನ್‌ಟಿಆರ್ ವೈದ್ಯ ಸೇವೆ ಎನಿಸಿಕೊಂಡಿರುವ ಕಾರ್ಡು ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯದು ಎಂಬುದನ್ನು ಹೊರಡುವ ಮುಂಚೆಯೇ ವಿಚಾರಿಸಿ. ಒಂದು ಆಸ್ಪತ್ರೆಯ ಕಡತ ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ. ಊರಿನ ಆರ್‌ಎಂಪಿ ಡಾಕ್ಟರಿಗಂತೂ ಏನೂ ತಿಳಿದಿರುವುದಿಲ್ಲ.

ಅದರ ಮೇಲೆ ಸುಗ್ಗಿ, ಗುಳೆ. ಬಾಯಿ ಗಂಟಲಿನ ಕ್ಯಾನ್ಸರೂ ಗರ್ಭಕೊರಳಿನದೂ ಮರುಕಳಿಸುವುದಾದರೆ ಹೆಚ್ಚಿನ ಪಾಲು ಮೊದಲ ಎರಡು ಮೂರು ವರ್ಷದಲ್ಲೇ. ಅದಕ್ಕೇ ಮೊದಲೆರಡು ವರ್ಷ ಎರಡು ಮೂರು ತಿಂಗಳಿಗೊಮ್ಮೆ, ಆಮೇಲೆ ಐದು ವರ್ಷದ ತನಕ ನಾಲ್ಕಾರು ತಿಂಗಳಿಗೊಮ್ಮೆ ಬರಹೇಳುತ್ತಾರೆ. ಹತ್ತಿ ಬಿಡಿಸುವ ಕಾಲ ಬಂದರೆ ಒಂದು ತಪಾಸಣೆ ತಪ್ಪುತ್ತದೆ. ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆ ಗುಳೆ ಹೋದರೆ ಇನ್ನೊಂದು. ಹೊರಡುವ ಮುನ್ನ ದಿನ ಬದಲಿಸಿಕೊಂಡು ತೋರಿಸಿ ಹೋಗಿ, ಇಲ್ಲವೆಂದು ಯಾವ ಡಾಕ್ಟರೂ ಹೇಳುವುದಿಲ್ಲ.

ದೊಡ್ಡವ್ವನ ರಕ್ತ ಎರಡು ಸಲದ ಆರ್ಗಾನ್ ಚಿಕಿತ್ಸೆಗೆ ನಿಂತಿತು. ತಪಾಸಣೆಯ ಹಿಂದಿನ ರಾತ್ರಿ ಈಗಲೂ ಅವಳಿಗೆ ನಿದ್ದೆಯಿಲ್ಲ. ಆದರೆ ಆ ರಾತ್ರಿ ನಮ್ಮನ್ನೂ ಎಬ್ಬಿಸಿ ಕೂರಿಸಿಕೊಂಡು ಮಾತಾಡುತ್ತಾಳೆ.

ನಿಮ್ಮ ಮನೆಯಲ್ಲಿ ಕರೆಂಟು ಕೊಡಿಸಿಕೊಂಡವರಿದ್ದರೆ ಇವತ್ತೇ ಅವರ ಫೈಲು ತೆಗೆದು ನೋಡಿ. ದೇಹದ ಯಾವ ಭಾಗಕ್ಕೆ, ಎಷ್ಟು ಗ್ರೇ, ಎಷ್ಟು ಪಾಲು, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಎಂದು ಬರೆದ ಒಂದು ಹಾಳೆ ಅದರಲ್ಲಿ ಇರಬೇಕು. ಇಲ್ಲದಿದ್ದರೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಗೆ ಹೋಗಿ ಕೇಳಿ ಪಡೆಯಿರಿ. ಎರಡು ಜೆರಾಕ್ಸ್ ಮಾಡಿಸಿ, ಒಂದನ್ನು ಫೋನಿನಲ್ಲಿ ಫೋಟೊ ಹಿಡಿದಿಟ್ಟುಕೊಳ್ಳಿ. ಹಲ್ಲಿನ ಡಾಕ್ಟರಿಗೂ ಆರ್‌ಎಂಪಿಗೂ ಗುಂಟೂರಿನ ಯಾವುದೋ ಆಸ್ಪತ್ರೆಯ ರಾತ್ರಿ ಪಾಳಿಯ ನರ್ಸಮ್ಮನಿಗೂ ಮೊದಲು ತೋರಿಸಬೇಕಾದದ್ದು ಆ ಹಾಳೆಯನ್ನೇ.